ಹಬ್ಬದ ಸಹಿ

ಸೆಪ್ಟೆಂಬರ್ 16, ಬುಧವಾರ

ಇವತ್ತು ಅಮೆರಿಕದ ಟೀವಿಯಲ್ಲಿ ನಮ್ಮ ಬಾಟಲಿ ನೋಡಿದೆ.

ತೋರಿಸಿದವರು ಮಾವನವರು. ಖಲೀಮುಲ್ಲಾ ಮೇಷ್ಟ್ರು ಎಂದರೆ ಅಲೀಪುರದಲ್ಲಿ ಎಲ್ಲರಿಗೂ ಗೊತ್ತು. ಉರ್ದು ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿರುವುದು ಎರಡೇ ಕೆಲಸ, ನಮಾಜು ಮತ್ತು ಅಮೆರಿಕದ ಎಲೆಕ್ಷನ್ನು. ನವೆಂಬರ್ ಮೂರಕ್ಕೆ ಅಲ್ಲಿ ಮತದಾನವಂತೆ. ಯಾವ ರಾಜ್ಯದಲ್ಲಿ ಯಾರು ಮುಂದೆ ಎಂಬುದನ್ನು ಗ್ರಾಮ ಪಂಚಾಯಿತಿಯ ವಾರ್ಡು ವಿವರಿಸಿದಂತೆ ವಿವರಿಸುತ್ತಾರೆ. ನಾನು ಹೂಂಗುಟ್ಟುತ್ತಾ ರೊಟ್ಟಿ ತಟ್ಟುತ್ತಿರುತ್ತೇನೆ.

ಇವತ್ತು ಫೋನು ನನ್ನ ಮುಖಕ್ಕೇ ಹಿಡಿದರು. "ನೋಡು ಬೇಟಿ, ಇದು ನಿಮ್ಮ ಫ್ಯಾಕ್ಟರಿದಲ್ವಾ?"

ಸೆನೆಟ್ಟಿಗೆ ನಿಂತ ಬಿಳಿತಲೆಯವನೊಬ್ಬ ಉಪ್ಪಿನಕಾಯಿ ಬಾಟಲಿ ಎತ್ತಿ ಹಿಡಿದು, ನಮ್ಮ ಮಕ್ಕಳ ತಟ್ಟೆಗೆ ಇದನ್ನು ಬಡಿಸಿದವರು ಯಾರು ಎಂದು ಕೇಳುತ್ತಿದ್ದ. ಬಾಟಲಿಯೊಳಗೆ ಬೆರಳುದ್ದದ ಮಿಡಿಸೌತೆ. ನಮ್ಮ ಕಡೆಯ ರೈತರು ಬೆಳೆಯುತ್ತಾರೆ, ನಮ್ಮವರು ಯಾರೂ ತಿನ್ನುವುದಿಲ್ಲ. ಗೌರಿಬಿದನೂರಿನ ನಮ್ಮ ಫ್ಯಾಕ್ಟರಿಯಲ್ಲಿ ಅದನ್ನು ವಿನಿಗರ್ ನೀರಿನಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು, ಅಮೆರಿಕದ ಕಂಪನಿಯ ಹೆಸರು ಅಂಟಿಸಿ ಹಡಗು ಹತ್ತಿಸುತ್ತೇವೆ. ಗಂಟೆಗೊಮ್ಮೆ ಆ ನೀರಿನ ಹುಳಿಯನ್ನು ಮೀಟರಿನಲ್ಲಿ ಅಳೆದು, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕುವುದು ನನ್ನ ಕೆಲಸ. ಅಂಕಿ 4.6 ದಾಟಬಾರದು. ದಾಟಿದರೆ ಹುಳಿ ಸಾಲದು ಎಂದರ್ಥ, ಮುಚ್ಚಿದ ಬಾಟಲಿಯೊಳಗೆ ವಿಷ ಹುಟ್ಟಬಹುದು. ಅಂಥದ್ದನ್ನು ತಿಂದವರಿಗೆ ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಆಮೇಲೆ ನುಂಗಲಾಗುವುದಿಲ್ಲ, ಆಮೇಲೆ ಉಸಿರಾಡಲಾಗುವುದಿಲ್ಲ. ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ.

ಅಲ್ಲಿ ಮೂವರಿಗೆ ಹಾಗಾಗಿದೆ. ಇಬ್ಬರು ಮುದುಕರು, ಒಬ್ಬಳು ಏಳು ವರ್ಷದ ಹುಡುಗಿ. ಹುಡುಗಿ ಯಂತ್ರದ ಸಹಾಯದಿಂದ ಉಸಿರಾಡುತ್ತಿದ್ದಾಳೆ.

ಮುಚ್ಚಳದ ಮೇಲಿನ ನಂಬರನ್ನು ದೊಡ್ಡದು ಮಾಡಿ ನೋಡಿದೆ. ಜೂನ್ 24ರ ಮಾಲು. ಮೊಹರಮ್ಮಿನ ಎಂಟನೆಯ ದಿನ. ರೊಟ್ಟಿ ಸೀದುಹೋಯಿತು.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಬೇರೆ ಯಾರೂ ಕನ್ನಡ ಓದುವುದಿಲ್ಲ. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಡಬೇಕಲ್ಲ.

ಸೆಪ್ಟೆಂಬರ್ 17, ಗುರುವಾರ

ಕೆಲಸಕ್ಕೆ ಹೋದ ತಕ್ಷಣ ರಿಜಿಸ್ಟರ್ ತೆಗೆದೆ. ಜೂನ್ 24, ಬೆಳಗಿನ ಪಾಳಿ, ಎಂಟು ಸಾಲು. ಎಂಟರಲ್ಲೂ 3.8. ಕೆಳಗೆ ದುಂಡಗೆ ನನ್ನ ಸಹಿ, ಅರ್ಫಾ.

ಆವತ್ತು ನಾನು ಫ್ಯಾಕ್ಟರಿಯಲ್ಲಿರಲಿಲ್ಲ.

ಇದನ್ನು ಹೊರಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ಮೊಹರಮ್ಮಿನ ಶೋಕಕ್ಕೆ ನಮಗೆ ಶಿಯಾಗಳಿಗೆ ಹತ್ತು ದಿನ ಬೇಕು, ಫ್ಯಾಕ್ಟರಿ ಕೊಡುವುದು ಒಂದು ದಿನ. ಯುಗಾದಿಗೆ ರಜೆ ಉಂಟು, ಮಾರನೆಯ ದಿನದ ಹೊಸತೊಡಕಿಗೆ ಇಲ್ಲ. ಮನೆತುಂಬ ನೆಂಟರನ್ನು ಕೂರಿಸಿ, ಒಲೆಯ ಮೇಲೆ ಮಾಂಸ ಇಟ್ಟು ಯಾವ ಹೆಂಗಸು ಕೆಲಸಕ್ಕೆ ಬರುತ್ತಾಳೆ? ಹಾಗಾಗಿ ನಾನೂ ನನ್ನ ಜೊತೆ ಇದೇ ಕೆಲಸ ಮಾಡುವ ಪದ್ಮಶ್ರೀಯೂ ಆರು ವರ್ಷದಿಂದ ಒಂದು ಏರ್ಪಾಡು ಮಾಡಿಕೊಂಡಿದ್ದೆವು. ಹಬ್ಬಕ್ಕೆ ಮುಂಚೆ ಖಾಲಿ ಹಾಳೆಗಳಿಗೆ ಸಹಿ ಹಾಕಿಟ್ಟು ಹೋಗುವುದು, ಉಳಿದವಳು ಅಳೆದು ತುಂಬುವುದು. ಹಬ್ಬದ ಸಹಿ ಎಂದು ಅದಕ್ಕೆ ಹೆಸರೂ ಇದೆ. ಮ್ಯಾನೇಜರ್ ರಮೇಶ್‌ಬಾಬು ಅವರಿಗೂ ಗೊತ್ತು. ಗೊತ್ತಿಲ್ಲದವರ ಹಾಗೆ ಇರುತ್ತಾರೆ, ಹಾಜರಿ ತುಂಬಿರುತ್ತದಲ್ಲ.

ಊಟದ ಹೊತ್ತಿಗೆ ಪದ್ಮಶ್ರೀಯನ್ನು ತೊಟ್ಟಿಯ ಹಿಂದಕ್ಕೆ ಕರೆದು ಕೇಳಿದೆ. ಊಟದ ಡಬ್ಬಿ ಮುಚ್ಚಿದಳು.

"ಮೀಟ್ರು ಇರ್ಲಿಲ್ಲ ಕಣೇ. ರಿಪೇರಿಗೆ ಬೆಂಗ್ಳೂರಿಗೆ ಕಳ್ಸಿದ್ರು, ಐದು ದಿನ. ಸಾರ್ ಹೇಳಿದ್ರು, ಕಂಟೇನರ್ ಹೊರಡ್ಬೇಕು, ನೆನ್ನೆದೇ ಬರಿ ಅಂತ."

"ವಿನಿಗರ್ ಸರಿಯಾಗಿ ಬೀಳ್ತಿತ್ತಾ?"

"ಪಂಪು ಬಿಟ್ಟುಬಿಟ್ಟು ಓಡ್ತಿತ್ತು. ನಾಲ್ಗೆಗೆ ಹಾಕ್ಕೊಂಡು ನೋಡ್ದೆ. ಹುಳಿ ಇತ್ತು ಅರ್ಫಾ, ದೇವರಾಣೆ ಇತ್ತು."

ನಾಲಿಗೆ ನೋಡಿ 3.8 ಎಂದು ಬರೆದಿದ್ದಾಳೆ. ಬೈಯಬೇಕೆಂದಿದ್ದೆ. ಹೊಸತೊಡಕಿನ ದಿನ ಅವಳ ಹಾಳೆಗೆ ನಾನು ಎಷ್ಟು ಸಲ ಮೀಟರ್ ನೋಡಿ ಬರೆದಿದ್ದೆ, ಎಷ್ಟು ಸಲ ಅಂದಾಜಿಗೆ ಬರೆದಿದ್ದೆ ಎಂಬುದು ನೆನಪಾಯಿತು.

ಯಾ ಅಲ್ಲಾ, ನನ್ನ ಹೆಸರು ಹೊರಗೆ ಬಾರದಿರಲಿ. ಇದೊಂದೇ ಬೇಡಿಕೆ.

ಸೆಪ್ಟೆಂಬರ್ 20, ಭಾನುವಾರ

ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ನುಂಗಲಾಗದೆ ಹೋದಾಗಲೆಲ್ಲ ಆ ಹುಡುಗಿಗೂ ಹೀಗೇ ಶುರುವಾಗಿರಬೇಕು ಅನ್ನಿಸಿ ಇನ್ನೂ ಹೆದರಿಕೆಯಾಗುತ್ತದೆ. ಕನ್ನಡಿಯಲ್ಲಿ ನನ್ನ ರೆಪ್ಪೆ ನೋಡಿಕೊಂಡೆ. ಹುಚ್ಚು.

ಸೆಪ್ಟೆಂಬರ್ 25, ಶುಕ್ರವಾರ

ಸೆನೆಟ್ಟಿನ ಸಮಿತಿ ಆ ಅಮೆರಿಕ ಕಂಪನಿಯ ದೊಡ್ಡ ಯಜಮಾನನನ್ನು ಕರೆಸಿ ಕೂರಿಸಿತ್ತು. ಮಾವನವರ ಜೊತೆ ಕೂತು ಪೂರ್ತಿ ನೋಡಿದೆ. ಅಲ್ಲಿ ಕಂಪನಿಯವರನ್ನು ಎಲ್ಲರ ಮುಂದೆ ಕೂರಿಸಿ ಉತ್ತರ ಕೇಳುತ್ತಾರೆ, ನಮ್ಮಲ್ಲಿ ಹೀಗುಂಟಾ ಎಂದು ಮಾವನವರು ವರ್ಷಗಳಿಂದ ಹೊಗಳುತ್ತಿದ್ದದ್ದು ಇದನ್ನೇ.

ನನಗೆ ಕಂಡದ್ದು ಬೇರೆ. ಒಬ್ಬೊಬ್ಬ ಸೆನೆಟರನಿಗೂ ಐದು ನಿಮಿಷ. ನಾಲ್ಕೂವರೆ ನಿಮಿಷ ಅವನೇ ಮಾತಾಡುತ್ತಾನೆ, ಕ್ಯಾಮೆರಾ ಕಡೆ ತಿರುಗಿಕೊಂಡು. ಉಳಿದರ್ಧ ನಿಮಿಷದಲ್ಲಿ ಯಜಮಾನ ನೆನಪಿಲ್ಲ ಎನ್ನುತ್ತಾನೆ. ಹನ್ನೊಂದು ಸಲ ಹಾಗೆಂದ. ಹುಡುಗಿಯ ಹೆಸರನ್ನು ಎಲ್ಲರೂ ಹೇಳಿದರು, ಅವಳಿಗೆ ಈಗ ಹೇಗಿದೆ ಎಂದು ಒಬ್ಬನೂ ಕೇಳಲಿಲ್ಲ. ಆ ಕಂಪನಿ ಬಿಳಿತಲೆಯವನ ಪಕ್ಷಕ್ಕೂ ದೇಣಿಗೆ ಕೊಟ್ಟಿದೆ, ಎದುರು ಪಕ್ಷಕ್ಕೂ ಕೊಟ್ಟಿದೆ ಎಂದು ಮಾವನವರೇ ಹೇಳಿದರು.

"ಅಬ್ಬಾಜಾನ್, ಮತ್ತೆ ನಮ್ಮೂರಿಗೂ ಅಲ್ಲಿಗೂ ಏನು ವ್ಯತ್ಯಾಸ?"

"ಅವರು ಎಲ್ರಿಗೂ ಕಾಣೋ ಹಾಗೆ ಬರೆದಿಟ್ಟು ಕೊಡ್ತಾರೆ ಬೇಟಿ. ನಮ್ಮವರಿಗಿನ್ನೂ ನಾಚಿಕೆ."

ನಗು ಬಂದು ಅರ್ಧಕ್ಕೇ ನಿಂತಿತು. ಯಜಮಾನ ಒಂದು ಕಾಗದ ಎತ್ತಿ ಹಿಡಿದು, ನಮ್ಮದೇನೂ ತಪ್ಪಿಲ್ಲ, ಎಲ್ಲಕ್ಕೂ ಸಹಿ ಇದೆ ಎಂದ. ನಮ್ಮ ರಿಜಿಸ್ಟರಿನ ಹಾಳೆ. ನನ್ನ ಸಹಿ, ಟೀವಿಯ ತುಂಬ.

ಅವನ ಕೈಯಲ್ಲಿ ಅವನ ಅಧಿಕಾರಿಯ ಕಾಗದ, ಅಧಿಕಾರಿಯ ಕೈಯಲ್ಲಿ ಆಮದು ಮಾಡಿಕೊಂಡವನ ಕಾಗದ, ಅವನ ಕೈಯಲ್ಲಿ ನಮ್ಮ ಫ್ಯಾಕ್ಟರಿಯ ಕಾಗದ, ಫ್ಯಾಕ್ಟರಿಯ ಕೈಯಲ್ಲಿ ನನ್ನದು. ನನ್ನ ಕೆಳಗೆ ಸಹಿ ಹಾಕುವವರು ಯಾರೂ ಇಲ್ಲ. ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ಕಂಪನಿಯ ಹೊಣೆ ಮೆಟ್ಟಿಲು ಇಳಿದು ಇಳಿದು ಅಲೀಪುರದ ನಮ್ಮ ಅಡುಗೆಮನೆಗೆ ಬಂದು ಕೂತಿದೆ.

ಕನ್ನಡದಲ್ಲಿ ಸಹಿ ಹಾಕುವುದರಿಂದ ಅಲ್ಲಿ ಯಾರಿಗೂ ಓದಲಾಗಲಿಲ್ಲ. ಯಾವುದೋ ಗೀಚು ಎಂದು ಒಬ್ಬ ನಕ್ಕ. ಆದರೆ ಗೌರಿಬಿದನೂರಿನಲ್ಲಿ ಎಲ್ಲರಿಗೂ ಓದಲು ಬರುತ್ತದೆ.

ಸೆಪ್ಟೆಂಬರ್ 28, ಸೋಮವಾರ

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಗೌರಿಬಿದನೂರಿನವರೆಗೂ ಖಾಲಿ ಇತ್ತು. ನಿಂತವರು ಇದ್ದರು, ಕೂರಲಿಲ್ಲ. ಅಥವಾ ನನಗೇ ಹಾಗನ್ನಿಸಿತೋ.

ಯಾರದೋ ವಾಟ್ಸಾಪಿನಲ್ಲಿ ಒಂದು ಸಾಲು ಓಡಾಡುತ್ತಿದೆಯಂತೆ: ಸಹಿ ಹಾಕಿದವಳ ಹೆಸರು ನೋಡಿ, ಬೇಕೆಂದೇ ಮಾಡಿರಬಹುದು. ಬರೆದವನಿಗೆ ಮಿಡಿಸೌತೆ ಗೊತ್ತಿಲ್ಲ, ಮೀಟರ್ ಗೊತ್ತಿಲ್ಲ, ನನ್ನ ಹೆಸರೊಂದು ಸಾಕಾಯಿತು. ಬೆಳಿಗ್ಗೆ ಎರಡು ಗಾಜಿನ ಕೊಳವೆ ಒಡೆದೆ.

ಮೂರು ಗಂಟೆಗೆ ರಮೇಶ್‌ಬಾಬು ಕರೆದರು. ಎ.ಸಿ. ಹಾಕಿದ್ದರು, ಟೀ ತರಿಸಿದರು. ಹನ್ನೆರಡು ವರ್ಷದಲ್ಲಿ ನನಗೆ ಟೀ ತರಿಸಿದ್ದು ಇದೇ ಮೊದಲು.

"ಭಯ ಬೀಳ್ಬೇಡಮ್ಮ. ಏಮೀ ಕಾದು, ಏನೂ ಆಗಲ್ಲ. ಲಾಯರ್ ಒಂದು ಹೇಳಿಕೆ ಟೈಪ್ ಮಾಡ್ಸಿದ್ದಾರೆ. ಜೂನ್ ಇಪ್ಪತ್ನಾಕಕ್ಕೆ ನಾನು ಡ್ಯೂಟಿನಲ್ಲಿದ್ದೆ ಅಂತ, ಅಷ್ಟೆ."

ಓದಿದೆ. ನಾಲ್ಕು ಸಾಲು. ಅದರ ಕೆಳಗೆ ನಾಲ್ಕು ಬೆರಳಗಲ ಖಾಲಿ. ಅದರ ಕೆಳಗೆ ಸಹಿಗೆ ಜಾಗ.

"ಈ ಖಾಲಿ ಯಾಕೆ ಸಾರ್?"

"ಅದು ಫಾರ್ಮ್ಯಾಟ್ ಅಮ್ಮ."

ನಾಳೆ ಕೊಡುತ್ತೇನೆ ಎಂದು ಎದ್ದು ಬಂದೆ.

ಅಕ್ಟೋಬರ್ 1, ಗುರುವಾರ

ಶೋಯೆಬ್‌ಗೆ ಹೇಳಿದೆ. ಅವರು ಹರಳು ಪಾಲಿಶ್ ಮಾಡುತ್ತಿದ್ದರು, ಚಕ್ರ ನಿಲ್ಲಿಸಿದರು. ಗಂಡ ಎನಿಸಿಕೊಂಡವರು ಧೈರ್ಯ ಹೇಳಲಿ ಎಂದು ನನಗೆ ಆಸೆಯಿತ್ತು. ಪಾಪ, ಅವರು ನನಗಿಂತ ಹೆಚ್ಚು ಹೆದರಿದರು.

"ಹಾಕಿಬಿಡು. ನೀನು ಇರ್ಲಿಲ್ಲ ಅಂದ್ರೆ ಸುಳ್ಳು ಸಹಿ ಅಂತ ಕೇಸಾಗುತ್ತೆ. ಇದ್ದೆ ಅಂದ್ರೆ ಕಂಪನಿ ನೋಡ್ಕೊಳ್ಳುತ್ತೆ. ನಮ್ಮ ಹೆಸರಿನವರು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಇಳಿಯೋದು ಯಾವಾಗ ಅಂತ ಯಾರಿಗೆ ಗೊತ್ತು?"

ಅವರು ಹೇಳಿದ್ದು ಸುಳ್ಳಲ್ಲ.

ಅಕ್ಟೋಬರ್ 5, ಸೋಮವಾರ

ಹಾಕಿದೆ. ಹಾಕಿಬಿಟ್ಟೆ.

ಅಕ್ಟೋಬರ್ 9, ಶುಕ್ರವಾರ

ಹುಡುಗಿ ಇನ್ನೂ ಯಂತ್ರದಲ್ಲೇ. ಬಲಗೈ ಬೆರಳು ಆಡಿಸಿದಳು ಎಂದು ಅವರ ಊರಿನ ಪೇಪರಿನಲ್ಲಿತ್ತು.

ಅಕ್ಟೋಬರ್ 10, ಶನಿವಾರ

ಎರಡು ಬೆರಳು.

ಅಕ್ಟೋಬರ್ 15, ಗುರುವಾರ

ಸ್ಟೋರಿನ ಕೀ ತರಲು ರಮೇಶ್‌ಬಾಬು ಕೋಣೆಗೆ ಹೋಗಿದ್ದೆ. ಅವರು ಫೋನಿನಲ್ಲಿದ್ದರು, ಬೀರು ತೆರೆದಿತ್ತು. ಮೇಲೇ ಇದ್ದ ಫೈಲಿನಲ್ಲಿ ನನ್ನ ಹೇಳಿಕೆ.

ಖಾಲಿ ಇದ್ದ ಜಾಗ ತುಂಬಿತ್ತು. ಮೀಟರ್ ಸರಿಯಾಗಿಯೇ ಇತ್ತು, ಅಂಕಿಗಳನ್ನು ನಾನೊಬ್ಬಳೇ ಬರೆದೆ, ತಪ್ಪಿದ್ದರೆ ಅದು ನನ್ನ ಅಜಾಗರೂಕತೆ, ಮೇಲಿನವರು ಯಾರಿಗೂ ತಿಳಿದಿರಲಿಲ್ಲ. ಅದೇ ಟೈಪು, ಅದೇ ಅಕ್ಷರ. ಕೆಳಗೆ ದುಂಡಗೆ ಅರ್ಫಾ.

ರಮೇಶ್‌ಬಾಬು ನೋಡಿದರು. ಫೋನು ಇಟ್ಟರು. ಸಿಟ್ಟಾಗಲಿಲ್ಲ, ಅದೇ ಭಯವಾಯಿತು. "ಇದು ಈ ಬೀರುನಿಂದ ಈಚೆಗೆ ಬರಲ್ಲಮ್ಮ, ನೀನು ಸುಮ್ಮನಿರೋವರೆಗೂ" ಎಂದರು.

ಮೋಸ ಎಂದು ಕಿರುಚಬೇಕೆನ್ನಿಸಿತು. ಯಾವ ಬಾಯಲ್ಲಿ? ಖಾಲಿ ಹಾಳೆಗೆ ಸಹಿ ಹಾಕುವುದನ್ನು ನನಗೆ ಅವರು ಕಲಿಸಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಚೆನ್ನರಾಯಪ್ಪನವರು ಎಂಬ ಹಿರಿಯರು ರಿಜಿಸ್ಟರ್ ಬರೆಯುವುದನ್ನು ಕಲಿಸಿದ್ದರು. "ಖಾಲಿ ಜಾಗ ಉಳಿದ್ರೆ ಅಡ್ಡಗೆರೆ ಎಳೀಬೇಕಮ್ಮ. ಬಾಗಿಲು ತೆಗೆದಿಟ್ಟು ಹೋದ್ರೆ ನಾಯಿ ನುಗ್ಗಲ್ವಾ?" ಎನ್ನುತ್ತಿದ್ದರು. ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಅಕ್ಟೋಬರ್ 25, ಭಾನುವಾರ

ಪದ್ಮಶ್ರೀ ಮನೆಗೆ ಬಂದಿದ್ದಳು, ಮಂಚೇನಹಳ್ಳಿಯಿಂದ ಎರಡು ಬಸ್ಸು ಹಿಡಿದು. ಟೀ ಇಟ್ಟೆ.

"ನನ್ ಹೆಸ್ರು ಹೇಳ್ತೀಯಾ?"

"ಯಾರೂ ನನ್ನ ಕೇಳಿಲ್ವಲ್ಲ."

"ಕೇಳಿದ್ರೆ?" ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮಗಳ ಮದ್ವೆ ಮಾಘದಲ್ಲಿ ಕಣೇ. ಗಂಡಿನ ಕಡೆಯೋರಿಗೆ ಗೊತ್ತಾದ್ರೆ ಮುಗೀತು. ನಿನ್ನ ಕಾಲಿಗೆ ಬೀಳ್ತೀನಿ."

ಬೀಳಲು ಬಿಡಲಿಲ್ಲ. ಎರಡು ಬೆರಳು ಆಡಿಸಿದ ಸುದ್ದಿ ಹೇಳಿದೆ. ಅವಳು ಯಾರ ಬೆರಳು ಎಂದಳು. ಹುಡುಗಿ ಎಂದೆ. ಇನ್ನೊಂದು ಸಲ ಅತ್ತಳು, ಈ ಸಲದ್ದು ಬೇರೆ ತರಹದ ಅಳು. ಟೀ ಆರಿಹೋಯಿತು, ಹಾಗೇ ಕುಡಿದು ಹೋದಳು.

ನವೆಂಬರ್ 4, ಬುಧವಾರ

ಬಿಳಿತಲೆಯವನು ಗೆದ್ದ.

ಗೆಲುವಿನ ಭಾಷಣ ಇಪ್ಪತ್ತು ನಿಮಿಷ. ದೇವರಿಗೆ, ಹೆಂಡತಿಗೆ, ನಾಯಿಗೆ ಕೂಡ ಧನ್ಯವಾದ ಹೇಳಿದ. ಬಾಟಲಿ ಕಾಣಲಿಲ್ಲ. ಹುಡುಗಿಯ ಹೆಸರು ಬರಲಿಲ್ಲ. ಮಾವನವರು ಕೊನೆಯವರೆಗೂ ಕಾದು ಕನ್ನಡಕ ತೆಗೆದಿಟ್ಟರು. "ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂದ್ಕೊಂಡೆ" ಎಂದರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಇಷ್ಟು ಬೇಗ ನಂಬುತ್ತಾರೆ. ಅವರನ್ನು ನೋಡಿ ನನಗೆ ಸಂಕಟವಾಯಿತು.

ಫ್ಯಾಕ್ಟರಿಯಲ್ಲಿ ಮೈಸೂರುಪಾಕು ಹಂಚಿದರು. ದೀಪಾವಳಿಗೆ ಎಂದರು, ನಾಲ್ಕು ದಿನ ಮುಂಚೆ. ಅಮೆರಿಕದ ತಪಾಸಣೆಯವರು ಬರುವುದು ಬರುತ್ತಾರಂತೆ, ಆದರೆ ಬರೀ ಶಾಸ್ತ್ರಕ್ಕೆ. ಆ ಯಜಮಾನ ಅದೇ ಕುರ್ಚಿಯಲ್ಲಿದ್ದಾನೆ. ರಮೇಶ್‌ಬಾಬು ನನ್ನ ಹತ್ತಿರ ಬಂದು, "ಗಂಡಾಂತರ ಕಳೀತಮ್ಮ" ಎಂದು ದೊಡ್ಡ ತುಂಡನ್ನೇ ಕೊಟ್ಟರು.

ನನ್ನ ಒಂದೇ ಬೇಡಿಕೆ ಈಡೇರಿದೆ. ಖುಷಿಯಾಗಬೇಕಿತ್ತು. ಹುಡುಗಿಯ ಸುದ್ದಿಗಾಗಿ ಫೋನಿನಲ್ಲಿ ಹುಡುಕಿದೆ. ಕಳೆದ ವಾರದ್ದೇ ಕೊನೆ. ಬದುಕಿದ್ದಾಳೋ ಇಲ್ಲವೋ ಬರೆಯುವವರು ಇಲ್ಲ. ಮತ ಎಣಿಸಿಯಾಯಿತಲ್ಲ.

ನವೆಂಬರ್ 6, ಶುಕ್ರವಾರ

ಪದ್ಮಶ್ರೀ ದೀಪಾವಳಿಗೆ ಎರಡು ಖಾಲಿ ಹಾಳೆ ತಂದು ನನ್ನ ಮೇಜಿನ ಮೇಲಿಟ್ಟಳು, ಸಹಿ ಹಾಕಿ. ಅಭ್ಯಾಸಬಲ. ಇಟ್ಟ ಮೇಲೆ ಅವಳಿಗೇ ಏನೋ ಆಯಿತು, ನಾನೂ ನೋಡಿದೆ, ಅವಳೂ ನೋಡಿದಳು. ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದೆ.

"ರಜೆ ಅರ್ಜಿ ಬರಿ. ಕೊಡಲ್ಲ ಅಂದ್ರೆ ಸಂಬಳ ಹಿಡೀಲಿ" ಎಂದೆ. ನನ್ನ ದನಿ ಯಾಕೆ ಅಷ್ಟು ಒರಟಾಯಿತೋ ಗೊತ್ತಿಲ್ಲ.

ನವೆಂಬರ್ 12, ಗುರುವಾರ

ತಪಾಸಣೆಯವರು ಬಂದರು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ಬೆಂಗಳೂರಿನವರೊಬ್ಬರು. ಹೆಂಗಸಿಗೆ ನೆಗಡಿಯಾಗಿತ್ತು, ಪದೇ ಪದೇ ಮೂಗು ಒರೆಸಿಕೊಳ್ಳುತ್ತಿದ್ದಳು. ರಾಕ್ಷಸರು ಬರುತ್ತಾರೆ ಎಂದು ಎರಡು ತಿಂಗಳು ಹೆದರಿದ್ದೆ.

ಮಧ್ಯಾಹ್ನ ಮ್ಯಾನೇಜರ್ ಕೋಣೆಗೆ ನನ್ನನ್ನು ಕರೆದರು. ರಮೇಶ್‌ಬಾಬು ಗೋಡೆಗೆ ಒರಗಿ ನಿಂತಿದ್ದರು. ಬಾಗಿಲ ಹತ್ತಿರ ಪದ್ಮಶ್ರೀ. ಮೇಜಿನ ಮೇಲೆ ಜೂನ್ 24ರ ಹಾಳೆ.

"ಈ ಸಹಿ ನಿಮ್ಮದೇನಾ ಅಂತ ಕೇಳ್ತಿದ್ದಾರೆ."

ಹೌದು ಎಂದರೆ ಮುಗಿಯಿತು. ಅದು ನಿಜವೂ ಹೌದು. ತಪಾಸಣೆಯ ಹೆಂಗಸು ಪೆನ್ನು ಹಿಡಿದು ಮುಂದಿನ ಹಾಳೆ ತಿರುವಲು ಕಾಯುತ್ತಿದ್ದಳು. ಮೇಜು ಹಿಡಿದುಕೊಂಡೆ.

"ಹೌದು, ಸಹಿ ನನ್ನದು. ಆವತ್ತು ನಾನು ಬಂದಿರ್ಲಿಲ್ಲ."

ಬೆಂಗಳೂರಿನವರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಆಕೆ ಹಾಳೆಯಿಂದ ಕೈ ತೆಗೆದಳು.

"ಹಾಗಾದ್ರೆ ಅಳೆದೋರು ಯಾರು?"

ಬಾಗಿಲ ಕಡೆ ನಾನು ನೋಡಲಿಲ್ಲ. "ಯಾರೂ ಅಳೀಲಿಲ್ಲ. ಮೀಟ್ರೇ ಇರ್ಲಿಲ್ಲ. ಗೇಟಿನ ಪುಸ್ತಕ ತರಿಸಿ ನೋಡಿ. ಯಾವ ಸಾಮಾನು ಯಾವಾಗ ಹೊರಗೆ ಹೋಯ್ತು, ಯಾವಾಗ ಒಳಗೆ ಬಂತು ಅಂತ ಸೆಕ್ಯೂರಿಟಿಯೋರು ಬರೆದಿರ್ತಾರೆ. ಅಲ್ಲಿ ಯಾರೂ ಮುಂಚೆನೇ ಸಹಿ ಹಾಕಲ್ಲ."

ರಮೇಶ್‌ಬಾಬು ಬೀರುವಿನ ಕಡೆ ಹೋದರು. ಆ ಹೇಳಿಕೆ ತೋರಿಸುತ್ತಾರೆ ಎಂದು ಗೊತ್ತಿತ್ತು, ತೋರಿಸಿದರು. ಅದಕ್ಕೂ ಸಹಿ ನನ್ನದೇ, ಹಾಕಿದಾಗ ಅರ್ಧ ಖಾಲಿ ಇತ್ತು ಎಂದೆ. ಎರಡು ಸಲ ಖಾಲಿ ಕಾಗದಕ್ಕೆ ಸಹಿ ಹಾಕಿದ ದಡ್ಡಿ ಎಂದು ಮೂರು ದೇಶದವರಿಗೆ ಗೊತ್ತಾದರೂ ಗೊತ್ತಾಗಲಿ ಎನ್ನಿಸಿತು. ಮೂರಲ್ಲ, ಎರಡು ದೇಶ. ಏನು ಬರೆಯುತ್ತಿದ್ದೇನೋ.

ಹೊರಗೆ ಬಂದಾಗ ಪದ್ಮಶ್ರೀ ಇರಲಿಲ್ಲ. ಗೇಟಿನಲ್ಲಿ ನನ್ನ ಗುರುತಿನ ಚೀಟಿ ಇಸಿದುಕೊಂಡರು.

ಆ ಕೋಣೆಯಿಂದ ಹೊರಡುವ ಮುಂಚೆ ಒಂದು ಕೇಳಿಯೇಬಿಟ್ಟಿದ್ದೆ, ಆ ಹುಡುಗಿ ಹೇಗಿದ್ದಾಳೆ ಎಂದು. ನೆಗಡಿಯ ಹೆಂಗಸು ಬರೆಯುವುದು ನಿಲ್ಲಿಸಿ, ಯಂತ್ರ ತೆಗೆದಿದ್ದಾರೆ, ನಡೆಯುವುದನ್ನು ಮತ್ತೆ ಕಲಿಯುತ್ತಿದ್ದಾಳೆ ಎಂದಳು. ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ.

ನವೆಂಬರ್ 16, ಸೋಮವಾರ

ಕೇಸಾಗುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಕೆಲಸ ಹೋದದ್ದಂತೂ ಖಂಡಿತ. ಶೋಯೆಬ್ ಮಾತಾಡುತ್ತಿಲ್ಲ. ಆದರೆ ಇವತ್ತು ಚಿಕ್ಕಬಳ್ಳಾಪುರಕ್ಕೆ ನನ್ನ ಜೊತೆ ಬಂದರು, ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ನನಗೆ ಭಯ ಹೋಗಿಲ್ಲ. ಮೊದಲ ದಿನದಷ್ಟೇ ಇದೆ.

ಲಿಖಿತ ಹೇಳಿಕೆ ಕೊಡಲು ಅಲ್ಲಿನ ಸರ್ಕಾರಿ ಆಫೀಸಿಗೆ ಕರೆದಿದ್ದರು. ನಾನು ಹೇಳಿದ್ದನ್ನು ಗುಮಾಸ್ತರು ಒಂದೂವರೆ ಪುಟ ಟೈಪ್ ಮಾಡಿದರು. ಹಬ್ಬದ ಸಹಿಯ ವಿಷಯ, ಹೊಸತೊಡಕಿನ ದಿನ ನಾನು ಅಂದಾಜಿಗೆ ಬರೆದದ್ದು, ಎಲ್ಲ ಇತ್ತು. ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದೆ. ಬೇಗ ಅಮ್ಮ, ಊಟದ ಟೈಮು ಎಂದರು. ಓದಲಿ ಬಿಡಿ ಎಂದು ಇನ್ನೊಬ್ಬರು ಅಂದರು. ಉಳಿದಿದ್ದ ಅರ್ಧ ಪುಟಕ್ಕೆ ಈ ಮೂಲೆಯಿಂದ ಆ ಮೂಲೆಗೆ ಗೆರೆ ಎಳೆದೆ. ತಾರೀಖು ಬರೆದೆ, ಗಂಟೆ ಬರೆದೆ, ಆಮೇಲೆ ಸಹಿ.

ಎದ್ದು ತಿರುಗಿದರೆ ಹಿಂದಿನ ಬೆಂಚಿನಲ್ಲಿ ಪದ್ಮಶ್ರೀ ಕೂತಿದ್ದಳು. ಯಾವಾಗ ಬಂದಳೋ. ಇವಳನ್ನು ಯಾರೂ ಕರೆದಿರಲಿಲ್ಲ. ತೊಡೆಯ ಮೇಲೆ ಒಂದು ಹಾಳೆ, ತಾನೇ ಕೈಯಲ್ಲಿ ಬರೆದು ತಂದದ್ದು, ಮೇಲರ್ಧ ಮಾತ್ರ ತುಂಬಿತ್ತು. ನನ್ನ ಮುಖ ನೋಡದೆ ಹಾಳೆ ಮುಂದೆ ಚಾಚಿದಳು.

"ಗೆರೆ ಎಲ್ಲಿಂದ ಎಳೀಬೇಕು, ತೋರ್ಸೇ" ಎಂದಳು.

ತೋರಿಸಿದೆ.